ಮಕ್ಕಳಿಗೆ ದೇಶದ ಸರ್ಕಾರದ ಪರಿಚಯ: ಗ್ರಾಮ ಪಂಚಾಯಿತಿ ಸದಸ್ಯರು ಮಾಡಬಹುದಾದದ್ದು

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಏರ್ಪಡಿಸಿದ್ದ ಒಂದು ದಿನದ ಕಾರ್ಯಾಗಾರದಲ್ಲಿ ಸಮಾಜ ವಿಜ್ಞಾನದ ನಿವೃತ್ತ ಶಿಕ್ಷಕರೊಬ್ಬರು ನೀಡಿದ ಉಪನ್ಯಾಸದ ಲಿಖಿತ ರೂಪ. ಮಕ್ಕಳ ಗ್ರಾಮ ಸಭೆಗಳ ಪೂರ್ವಸಿದ್ಧತೆಗೆ ಉಪಯುಕ್ತವಾಗುವುದೆಂಬ ಕಾರಣದಿಂದ ಎಲ್ಲ ಸದಸ್ಯರ ಅವಗಾಹನೆಗಾಗಿ ಪ್ರಕಟಿಸಲಾಗಿದೆ.)



ನವೆಂಬರ್ ತಿಂಗಳು ಬಂದರೆ ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮ ಸಭೆಗಳು ನಡೆಯುತ್ತವೆ. ಶಿಕ್ಷಕನಾಗಿ ಮಕ್ಕಳ ಬದಿಯಲ್ಲಿ ಕುಳಿತು ಅಂತಹ ಸಭೆಗಳನ್ನು ನಾನು ನೋಡಿದ್ದೇನೆ. ಅಲ್ಲಿ ದೊಡ್ಡವರ ಬಾಯಿಂದ ಅತಿ ಹೆಚ್ಚು ಸಲ ಕೇಳಿಬರುವ ಉತ್ತರ ಒಂದೇ: “ಅದು ಮೇಲಿನಿಂದ ಬರಬೇಕು.” ಬಿಸಿಯೂಟದ ಅಕ್ಕಿಯಲ್ಲಿ ಹುಳುವಿದೆ ಎಂದರೆ ಅಕ್ಕಿ ಮೇಲಿನಿಂದ ಬರುತ್ತದೆ. ಶಾಲೆಗೆ ಶಿಕ್ಷಕರಿಲ್ಲ ಎಂದರೆ ಶಿಕ್ಷಕರೂ ಮೇಲಿನಿಂದಲೇ ಬರಬೇಕು. ಮೇಲೆ ಎಂದರೆ ಎಲ್ಲಿ? ತಾಲ್ಲೂಕು ಕಚೇರಿಯೇ, ಜಿಲ್ಲಾ ಪಂಚಾಯಿತಿಯೇ, ವಿಧಾನಸೌಧವೇ, ದೆಹಲಿಯೇ? ಮಗು ಅದನ್ನು ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಮಳೆ ಬಂದಂತೆ ಸರ್ಕಾರವೂ ಮೇಲಿನಿಂದ ಬರುತ್ತದೆ, ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎಂಬ ಭಾವನೆಯೊಂದಿಗೆ ಮಗು ಮನೆಗೆ ಹಿಂದಿರುಗುತ್ತದೆ. ಐದಾರು ವರ್ಷ ಕಳೆದರೆ ಅದೇ ಮಗು ಮತದಾರ.

ಈ ‘ಮೇಲೆ’ ಎಂಬ ಒಂದು ಪದವನ್ನು ಮಕ್ಕಳ ಮುಂದೆ ಬಿಡಿಸಿಡುವುದು ಹೇಗೆ ಎಂಬುದೇ ಇಂದಿನ ನನ್ನ ವಿಷಯ. ದೇಶದ ಸರ್ಕಾರದ ರಚನೆ ಎಂಬ ಪಾಠ ಪಠ್ಯಪುಸ್ತಕದಲ್ಲಿದೆ, ಅದನ್ನು ಶಿಕ್ಷಕರು ಕಲಿಸುತ್ತಾರೆ, ಇದರಲ್ಲಿ ಪಂಚಾಯಿತಿಯ ಸದಸ್ಯರಿಗೇನು ಕೆಲಸ ಎಂದು ತಾವು ಕೇಳಬಹುದು. ಪಠ್ಯಪುಸ್ತಕ ತನ್ನ ಕೆಲಸವನ್ನು ಮಾಡುತ್ತಿದೆ. ಲೋಕಸಭೆಯ ಸ್ಥಾನಗಳು 543, ಅವುಗಳಲ್ಲಿ ಕರ್ನಾಟಕದವು 28. ರಾಜ್ಯಸಭೆಯಲ್ಲಿ ನಮ್ಮ ರಾಜ್ಯದ ಸ್ಥಾನಗಳು 12. ಲೋಕಸಭೆಗೆ ಸ್ಪರ್ಧಿಸಲು 25 ವರ್ಷ, ರಾಜ್ಯಸಭೆಗೆ 30, ರಾಷ್ಟ್ರಪತಿ ಹುದ್ದೆಗೆ 35 ವರ್ಷ ತುಂಬಿರಬೇಕು. ಮಕ್ಕಳು ಇವನ್ನು ತಪ್ಪಿಲ್ಲದೆ ಒಪ್ಪಿಸುತ್ತಾರೆ. ಆದರೆ ಊರಿನ ಅಂಚೆ ಕಚೇರಿ ಯಾವ ಸರ್ಕಾರದ್ದು ಎಂದು ಅದೇ ಮಕ್ಕಳನ್ನು ಕೇಳಿ ನೋಡಿ. ಅನೇಕರು ಪಂಚಾಯಿತಿಯದು ಎನ್ನುತ್ತಾರೆ. ಸರ್ಕಾರವೆಂಬ ಯಂತ್ರದ ಒಳಗೆ ನಿಂತು ಅದನ್ನು ನಡೆಸುವವರು ತಾವು. ಶಿಕ್ಷಕರು ಹೊರಗಿನಿಂದ ವಿವರಿಸುವುದನ್ನು ತಾವು ಕೈಯಿಂದ ತೋರಿಸಬಲ್ಲಿರಿ.

ಮೊದಲ ತೊಡಕು ನಮ್ಮ ಭಾಷೆಯ ಬಳಕೆಯಲ್ಲೇ ಇದೆ. ಕನ್ನಡದಲ್ಲಿ ‘ಸರ್ಕಾರ’ ಎಂಬ ಒಂದೇ ಪದ ಎಲ್ಲಕ್ಕೂ ಸಲ್ಲುತ್ತದೆ. ಸರ್ಕಾರಿ ಶಾಲೆ, ಸರ್ಕಾರಿ ಬಸ್ಸು, ಸರ್ಕಾರಿ ಆಸ್ಪತ್ರೆ, ಸರ್ಕಾರಿ ಜಮೀನು. ಊರಿಗೆ ಜೀಪು ಬಂದರೆ ‘ಸರ್ಕಾರದವರು ಬಂದರು’. ವಿಧಾನಸೌಧದ ಮೇಲೆ ಕೆತ್ತಿರುವ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ವಾಕ್ಯವನ್ನು ಪ್ರವಾಸಕ್ಕೆ ಹೋದ ಮಕ್ಕಳು ನೋಡಿ ಬಂದಿರುತ್ತಾರೆ. ಆ ಕಟ್ಟಡ ರಾಜ್ಯದ ಶಾಸಕಾಂಗದ್ದು, ದೇಶದ ಸಂಸತ್ತಿನದಲ್ಲ ಎಂಬುದು ಅವರಲ್ಲಿ ಎಷ್ಟೋ ಮಂದಿಗೆ ಸ್ಪಷ್ಟವಿರುವುದಿಲ್ಲ. ಆದ್ದರಿಂದ ‘ಸರ್ಕಾರ’ ಎಂಬ ಪದ ಬಂದಾಗಲೆಲ್ಲ ಮೂರು ಪ್ರಶ್ನೆಗಳನ್ನು ಕೇಳುವುದನ್ನು ಮಕ್ಕಳಿಗೆ ರೂಢಿ ಮಾಡಿಸಬೇಕು. ಯಾವ ಸರ್ಕಾರ? ಅದರ ಯಾವ ಅಂಗ? ಅದು ಯಾರಿಗೆ ಉತ್ತರ ಕೊಡಬೇಕು?

ಊರೊಳಗೆ ಒಂದು ಸುತ್ತು ನಡೆದರೆ ಮೊದಲ ಪ್ರಶ್ನೆಗೆ ಉತ್ತರ ಸಿಗುತ್ತದೆ. ಬೀದಿ ದೀಪ ಪಂಚಾಯಿತಿಯದು. ಬಸ್ಸು ರಾಜ್ಯದ ಸಾರಿಗೆ ನಿಗಮದ್ದು. ಅಂಚೆ ಕಚೇರಿ ಕೇಂದ್ರ ಸರ್ಕಾರದ್ದು. ಹಳ್ಳಿಯ ಮಗುವಿಗೆ ಅತಿ ಹತ್ತಿರದ ಕೇಂದ್ರ ಸರ್ಕಾರಿ ಕಚೇರಿ ಎಂದರೆ ಅದೇ. ಶಾಲೆಯನ್ನು ನಡೆಸುವುದು ರಾಜ್ಯ ಸರ್ಕಾರವಾದರೂ, ಶಿಕ್ಷಣವೆಂಬ ವಿಷಯ 42ನೆಯ ತಿದ್ದುಪಡಿಯ ನಂತರ ರಾಜ್ಯ ಪಟ್ಟಿಯಿಂದ ಸಮವರ್ತಿ ಪಟ್ಟಿಗೆ ಬಂದಿದೆ, ಎರಡೂ ಸರ್ಕಾರಗಳು ಅದರ ಬಗ್ಗೆ ಕಾನೂನು ಮಾಡಬಹುದು. ಹತ್ತು ರೂಪಾಯಿಯ ನೋಟಿನ ಹಿಂಬದಿಯಲ್ಲಿರುವ 15 ಭಾಷೆಗಳ ಪಟ್ಟಿಯಲ್ಲಿ ಕನ್ನಡವನ್ನು ಹುಡುಕಿ ಎಂದರೆ ಮಕ್ಕಳಿಗೆ ಆಟವಾಗುತ್ತದೆ, ನಾಣ್ಯ ಮತ್ತು ನೋಟು ಕೇಂದ್ರದ ವಿಷಯ ಎಂಬುದೂ ನೆನಪಿನಲ್ಲಿ ಉಳಿಯುತ್ತದೆ. ಸಂವಿಧಾನದ ಏಳನೆಯ ಅನುಸೂಚಿ ಎಂಬ ಒಣ ಹೆಸರನ್ನು ಈ ಸುತ್ತಾಟದ ನಂತರ ಹೇಳಿದರೆ ಸಾಕು.

ಎರಡನೆಯ ಮತ್ತು ಮೂರನೆಯ ಪ್ರಶ್ನೆಗಳಿಗೆ ಸುತ್ತಾಟ ಸಾಲದು, ಒಂದೇ ವಸ್ತುವಿನ ಜಾಡು ಹಿಡಿದು ಹಿಂದಕ್ಕೆ ಹೋಗಬೇಕು. ನಾನು ತರಗತಿಯಲ್ಲಿ ಬಹುಕಾಲ ಬಳಸಿದ್ದು ಬಿಸಿಯೂಟದ ತಟ್ಟೆಯನ್ನು. ಅದು ಮಕ್ಕಳ ಕೈಯಲ್ಲೇ ಇರುತ್ತದೆ ಎಂಬುದು ಒಂದು ಕಾರಣ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಮೂರೂ ಆ ತಟ್ಟೆಗೆ ಕೈ ಹಚ್ಚಿವೆ ಎಂಬುದು ಇನ್ನೊಂದು ಕಾರಣ.

ಕೇಂದ್ರ ಸರ್ಕಾರ ಶಾಲಾ ಮಕ್ಕಳ ಪೌಷ್ಟಿಕ ಆಹಾರದ ಕಾರ್ಯಕ್ರಮವನ್ನು 1995ರ ಆಗಸ್ಟ್ 15ರಂದು ಆರಂಭಿಸಿತು. ಅದು ಮಂತ್ರಿಮಂಡಲದ, ಅಂದರೆ ಕಾರ್ಯಾಂಗದ ತೀರ್ಮಾನ. ಆದರೆ ಹೆಚ್ಚಿನ ರಾಜ್ಯಗಳಲ್ಲಿ ಬೇಯಿಸಿದ ಊಟದ ಬದಲು ತಿಂಗಳಿಗೆ 3 ಕಿಲೋ ಧಾನ್ಯವನ್ನು ಮಕ್ಕಳ ಚೀಲಕ್ಕೆ ಹಾಕಿ ಕಳುಹಿಸಲಾಗುತ್ತಿತ್ತು. ಮನೆಗೆ ಹೋದ ಧಾನ್ಯ ಮನೆಯವರೆಲ್ಲರದು. ಮಗುವಿನ ಮಧ್ಯಾಹ್ನದ ಹಸಿವು ಹಾಗೆಯೇ ಉಳಿಯುತ್ತಿತ್ತು. 2001ರಲ್ಲಿ ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಎಂಬ ಸಂಘಟನೆ ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿತು. ಸರ್ಕಾರದ ಗೋದಾಮುಗಳಲ್ಲಿ ಧಾನ್ಯ ತುಂಬಿ ಕೊಳೆಯುತ್ತಿರುವಾಗ ಜನರು ಹಸಿದಿರುವುದೇಕೆ ಎಂಬುದು ಅದರ ಪ್ರಶ್ನೆ. ಅದೇ ವರ್ಷದ ನವೆಂಬರ್ 28ರಂದು ನ್ಯಾಯಾಲಯ ಆದೇಶ ನೀಡಿತು: ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಯ ಪ್ರತಿಯೊಂದು ಮಗುವಿಗೂ ಕನಿಷ್ಠ 300 ಕ್ಯಾಲೊರಿ ಶಕ್ತಿ ಹಾಗೂ 8ರಿಂದ 12 ಗ್ರಾಂ ಪ್ರೋಟೀನ್ ಇರುವ ಬೇಯಿಸಿದ ಊಟವನ್ನು ವರ್ಷಕ್ಕೆ ಕನಿಷ್ಠ 200 ದಿನ ಕೊಡತಕ್ಕದ್ದು. ನಮ್ಮ ರಾಜ್ಯದಲ್ಲಿ ‘ಅಕ್ಷರ ದಾಸೋಹ’ 2002ರಲ್ಲಿ ಮೊದಲು ಈಶಾನ್ಯ ಭಾಗದ ಜಿಲ್ಲೆಗಳಲ್ಲಿ ಒಲೆ ಹೊತ್ತಿಸಿ, ಅನಂತರ ಉಳಿದ ಜಿಲ್ಲೆಗಳಿಗೆ ವಿಸ್ತರಿಸಿತು.

ಇಲ್ಲಿಗೆ ಮಗು ಎರಡು ಅಂಗಗಳನ್ನು ಕಂಡಿತು. ಸರ್ಕಾರ ಒಂದು ಕೆಲಸವನ್ನು ಅರ್ಧಕ್ಕೆ ನಿಲ್ಲಿಸಿದರೆ ಅದಕ್ಕೆ ಆದೇಶ ನೀಡಬಲ್ಲ ಇನ್ನೊಂದು ಅಂಗವಿದೆ ಎಂಬುದನ್ನು ತಿಳಿದಾಗ ಮಕ್ಕಳ ಮುಖದಲ್ಲಿ ಕಾಣುವ ಅಚ್ಚರಿಯನ್ನು ತಾವು ಒಮ್ಮೆ ನೋಡಬೇಕು. ‘ಸರ್ಕಾರಕ್ಕೇ ಹೇಳುವವರಿದ್ದಾರೆಯೇ?’ ಎಂದು ಕೇಳುತ್ತಾರೆ.

ಇನ್ನು ಶಾಸಕಾಂಗ. ನ್ಯಾಯಾಲಯದ ಆದೇಶದಿಂದ ನಡೆಯುತ್ತಿದ್ದ ಊಟ ಸಂಸತ್ತಿನ ಕಾಯಿದೆಯಾದದ್ದು 2013ರಲ್ಲಿ. ರಾಷ್ಟ್ರೀಯ ಆಹಾರ ಭದ್ರತಾ ವಿಧೇಯಕವನ್ನು ಲೋಕಸಭೆ ಆಗಸ್ಟ್ 26ರಂದು, ರಾಜ್ಯಸಭೆ ಸೆಪ್ಟೆಂಬರ್ 2ರಂದು ಅಂಗೀಕರಿಸಿದವು. ಸೆಪ್ಟೆಂಬರ್ 10ರಂದು ರಾಷ್ಟ್ರಪತಿಯವರ ಅಂಕಿತ ದೊರೆಯಿತು. ಅದರ 5ನೆಯ ಪ್ರಕರಣ ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ಶಾಲಾ ದಿನಗಳಲ್ಲಿ ಉಚಿತ ಮಧ್ಯಾಹ್ನದ ಊಟವನ್ನು ಹಕ್ಕಾಗಿ ನೀಡುತ್ತದೆ. ಎರಡು ಸದನಗಳು, ಒಂದು ಅಂಕಿತ. ಸಂಸತ್ತು ಎಂದರೆ ರಾಷ್ಟ್ರಪತಿ ಮತ್ತು ಎರಡೂ ಸದನಗಳು ಸೇರಿ ಆಗುವ ಸಂಸ್ಥೆ ಎಂದು ಪಠ್ಯದಲ್ಲಿ ಬರುವ ವಾಕ್ಯಕ್ಕೆ ಈ ಮೂರು ದಿನಾಂಕಗಳಿಗಿಂತ ಒಳ್ಳೆಯ ವಿವರಣೆಯನ್ನು ನಾನು ಕಂಡಿಲ್ಲ.

ಅಲ್ಲಿಂದ ಮುಂದೆ ಮತ್ತೆ ಕಾರ್ಯಾಂಗ, ಈ ಬಾರಿ ಹಣದ ಜಾಡು. ಸಂಸತ್ತಿನ ಒಪ್ಪಿಗೆಯಿಲ್ಲದೆ ದೇಶದ ಸಂಚಿತ ನಿಧಿಯಿಂದ ಒಂದು ರೂಪಾಯಿಯನ್ನೂ ತೆಗೆಯುವಂತಿಲ್ಲ. ಒಪ್ಪಿಗೆಯಾದ ಮೇಲೆ ಧಾನ್ಯದ ವೆಚ್ಚವನ್ನು ಕೇಂದ್ರ ಭರಿಸುತ್ತದೆ. ಅಡುಗೆಯ ವೆಚ್ಚವನ್ನು ಕೇಂದ್ರವೂ ರಾಜ್ಯವೂ 60:40ರ ಪ್ರಮಾಣದಲ್ಲಿ ಹಂಚಿಕೊಳ್ಳುತ್ತವೆ. ಬೆಳಗಿನ ಹಾಲು ಮಾತ್ರ ಪೂರ್ತಿಯಾಗಿ ನಮ್ಮ ರಾಜ್ಯದ ಯೋಜನೆ, 2013ರ ಆಗಸ್ಟ್‌ನಲ್ಲಿ ಬಂದ ‘ಕ್ಷೀರ ಭಾಗ್ಯ’. ಹೀಗೆ ಒಂದೇ ಮಗುವಿನ ಲೋಟ ಒಂದು ಸರ್ಕಾರದ್ದು, ತಟ್ಟೆ ಎರಡು ಸರ್ಕಾರಗಳದ್ದು. ಅಕ್ಕಿ ಭಾರತೀಯ ಆಹಾರ ನಿಗಮದ ಗೋದಾಮಿನಿಂದ ರಾಜ್ಯದ ವ್ಯವಸ್ಥೆಗೆ, ಅಲ್ಲಿಂದ ಶಾಲೆಯ ಅಡುಗೆ ಕೋಣೆಗೆ ಬರುತ್ತದೆ. ಪ್ರಾಥಮಿಕ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ, ಹಿರಿಯ ಪ್ರಾಥಮಿಕಕ್ಕೆ 150 ಗ್ರಾಂ. ಐದನೆಯ ತರಗತಿಯವರೆಗೆ 60 ಮಕ್ಕಳಿದ್ದರೆ ದಿನಕ್ಕೆ 6 ಕಿಲೋ ಎಂದು ಮಕ್ಕಳೇ ಲೆಕ್ಕ ಹಾಕಲಿ, ಅಡುಗೆಯವರ ತಕ್ಕಡಿಯನ್ನು ನೋಡಲಿ. ಇದರಿಂದ ಯಾರಿಗೂ ಮುಜುಗರವಾಗಬೇಕಾದ ಕಾರಣವಿಲ್ಲ, ಆಗುವುದಿದ್ದರೆ ಆಗಲಿ.

ಈಗ ಹುಳುವಿನ ಪ್ರಶ್ನೆಗೆ ಬರೋಣ. ಅಕ್ಕಿ ದೂರದಿಂದ ಬರುತ್ತದೆ ಎಂಬುದು ನಿಜ. ಹುಳು ಮಾತ್ರ ದೆಹಲಿಯಲ್ಲೇ ಹುಟ್ಟಿರಬೇಕೆಂದಿಲ್ಲ. ಮೂಟೆ ಬಂದ ದಿನ ಅದನ್ನು ತೆರೆದು ನೋಡಿ ಕೆಟ್ಟದ್ದನ್ನು ಹಿಂದಿರುಗಿಸುವ ಜವಾಬ್ದಾರಿ ಶಾಲೆಯದು ಮತ್ತು ಶಾಲಾಭಿವೃದ್ಧಿ ಹಾಗೂ ಮೇಲುಸ್ತುವಾರಿ ಸಮಿತಿಯದು. ಅಕ್ಕಿಯ ಮೂಟೆಗಳನ್ನು ತೇವವಿಲ್ಲದ ಕಡೆ ಇರಿಸುವುದೂ ಅಲ್ಲಿನದೇ ಕೆಲಸ. ಆ ಕೋಣೆಯ ಚಾವಣಿ ಸೋರುತ್ತಿದ್ದರೆ ಅದು ತಮ್ಮ ಕಾರ್ಯಾತ್ಮಕ ಯೋಜನೆಗೆ ಬರಬಹುದಾದ ವಿಷಯ. ಪೂರೈಕೆಯಲ್ಲೇ ದೋಷವಿದ್ದರೆ ತಾಲ್ಲೂಕು ಪಂಚಾಯಿತಿಯಲ್ಲಿರುವ ಅಕ್ಷರ ದಾಸೋಹದ ಸಹಾಯಕ ನಿರ್ದೇಶಕರಿಗೆ ಬರೆಯಬೇಕು. ಸಭೆಯಲ್ಲಿ ಮಗುವಿಗೆ ಇಷ್ಟನ್ನು ಹೇಳಿ, ಆ ಪತ್ರದ ಪ್ರತಿಯೊಂದನ್ನು ಶಾಲೆಯ ಸೂಚನಾ ಫಲಕಕ್ಕೆ ಹಚ್ಚಿದರೆ ಆ ಮಗುವಿಗೆ ಸಂಯುಕ್ತ ವ್ಯವಸ್ಥೆ ಎಂಬ ಪಾಠ ಪೂರ್ಣವಾಯಿತು. ‘ಮೇಲಿನಿಂದ’ ಎಂದರೆ ಪಾಠವೂ ಇಲ್ಲ, ಹುಳುವೂ ಹೋಗುವುದಿಲ್ಲ.

ಪ್ರಧಾನ ಮಂತ್ರಿಯ ಆಯ್ಕೆಯ ವಿಷಯದಲ್ಲಿ ಮಕ್ಕಳಿಗೆ ಇರುವ ತಪ್ಪು ಕಲ್ಪನೆ ಎಲ್ಲಕ್ಕಿಂತ ಗಟ್ಟಿಯಾದದ್ದು. ಇದಕ್ಕೆ ನಮ್ಮ ಶಾಲಾ ಸಂಸತ್ತಿನ ಚುನಾವಣೆಯೂ ಸ್ವಲ್ಪ ಕಾರಣ. ಶೈಕ್ಷಣಿಕ ವರ್ಷದ ಆರಂಭದಲ್ಲಿ ಮೊಬೈಲ್ ಫೋನನ್ನೇ ಮತಯಂತ್ರವಾಗಿಸಿ, ಬೆರಳಿಗೆ ಶಾಯಿ ಹಚ್ಚಿ, ಅಚ್ಚುಕಟ್ಟಾಗಿ ಚುನಾವಣೆ ನಡೆಸುತ್ತಾರೆ. ಮತದಾನದ ಅಭ್ಯಾಸ ಚೆನ್ನಾಗಿಯೇ ಆಗುತ್ತದೆ. ಆದರೆ ಅತಿ ಹೆಚ್ಚು ಮತ ಪಡೆದ ವಿದ್ಯಾರ್ಥಿ ಪ್ರಧಾನ ಮಂತ್ರಿ, ಅವನ ನಂತರದವಳು ಉಪ ಪ್ರಧಾನಿ, ಉಳಿದವರಿಗೆ ಆಹಾರ, ಆರೋಗ್ಯ, ಸ್ವಚ್ಛತೆಯ ಖಾತೆಗಳು ಎಂದು ಹಂಚಿದ ಕೂಡಲೇ ಸಂಸತ್ತು ಮುಗಿದುಹೋಗುತ್ತದೆ. ವಿರೋಧ ಪಕ್ಷವಿಲ್ಲ, ಪ್ರಶ್ನೆಯಿಲ್ಲ, ಮುಂದಿನ ಜೂನ್‌ವರೆಗೆ ಒಂದು ಸಭೆಯೂ ಇಲ್ಲ. ದೇಶದಲ್ಲಿ ಮತದಾರರು ಪ್ರಧಾನಿಯನ್ನು ನೇರವಾಗಿ ಆರಿಸುವುದಿಲ್ಲ. ತಮ್ಮ ಕ್ಷೇತ್ರದ ಒಬ್ಬ ಸದಸ್ಯರನ್ನು ಆರಿಸುತ್ತಾರೆ. ಲೋಕಸಭೆಯ ಬಹುಮತ ಯಾರಿಗಿದೆಯೋ ಅವರನ್ನು ರಾಷ್ಟ್ರಪತಿಯವರು ನೇಮಿಸುತ್ತಾರೆ. ಮಂತ್ರಿಮಂಡಲ ಒಟ್ಟಾಗಿ ಲೋಕಸಭೆಗೆ ಹೊಣೆಯಾಗಿರುತ್ತದೆ.

ಇದನ್ನು ವಿವರಿಸಲು ತಮ್ಮ ಪಂಚಾಯಿತಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಊರಿನವರು ಸದಸ್ಯರನ್ನು ಆರಿಸುತ್ತಾರೆ, ಸದಸ್ಯರು ತಮ್ಮಲ್ಲೊಬ್ಬರನ್ನು ಅಧ್ಯಕ್ಷರನ್ನಾಗಿ ಆರಿಸುತ್ತಾರೆ, ಸದಸ್ಯರ ವಿಶ್ವಾಸ ಹೋದರೆ ಅಧ್ಯಕ್ಷರ ಕುರ್ಚಿಯೂ ಹೋಗುತ್ತದೆ. ಅವಿಶ್ವಾಸ ನಿರ್ಣಯವನ್ನು ಹತ್ತಿರದಿಂದ ಕಂಡವರು ತಮ್ಮಲ್ಲಿಯೂ ಇರಬಹುದು. ಅದರ ಹಿಂದಿನ ಕಥೆಗಳನ್ನೆಲ್ಲ ಮಕ್ಕಳಿಗೆ ಹೇಳಬೇಕಾಗಿಲ್ಲ. ನಿಯಮವನ್ನು ಹೇಳಿದರೆ ಸಾಕು. ನಂತರ ಶ್ರೀ ಎಚ್.ಡಿ. ದೇವೇಗೌಡರ ಉದಾಹರಣೆಯನ್ನು ಕೊಡಿ. 1996ರ ಜೂನ್ 1ರಂದು ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದಾಗ ಅವರು ಸಂಸತ್ತಿನ ಸದಸ್ಯರಾಗಿರಲಿಲ್ಲ, ನಮ್ಮ ರಾಜ್ಯದ ಮುಖ್ಯಮಂತ್ರಿಯಾಗಿದ್ದರು. ಆರು ತಿಂಗಳೊಳಗೆ ಯಾವುದಾದರೊಂದು ಸದನದ ಸದಸ್ಯರಾಗಬೇಕೆಂಬ ನಿಯಮದಂತೆ ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾದರು. 1997ರ ಏಪ್ರಿಲ್ 11ರಂದು ಲೋಕಸಭೆಯಲ್ಲಿ ವಿಶ್ವಾಸಮತ ದೊರೆಯದೆ ಅವರ ಸರ್ಕಾರ ಬಿದ್ದಿತು. ಎರಡು ವರ್ಷಗಳ ನಂತರ, 1999ರ ಏಪ್ರಿಲ್ 17ರಂದು, ಶ್ರೀ ಅಟಲ್ ಬಿಹಾರಿ ವಾಜಪೇಯಿಯವರ ಸರ್ಕಾರ 269ಕ್ಕೆ 270 ಮತಗಳಿಂದ, ಅಂದರೆ ಒಂದೇ ಮತದಿಂದ ಸೋತಿತು. ಎರಡೂ ಸಂದರ್ಭಗಳಲ್ಲಿ ಪ್ರಧಾನಿಗಳು ಸದನದ ತೀರ್ಪಿಗೆ ತಲೆಬಾಗಿ ಸ್ಥಾನ ಬಿಟ್ಟರು. ಪ್ರಧಾನಿಗೂ ಲೆಕ್ಕ ಕೇಳುವ ಸಭೆಯೊಂದಿದೆ ಎಂಬುದು ಅಂಕಿಗಳಲ್ಲಿ ಕಂಡಾಗ ಹತ್ತನೆಯ ತರಗತಿಯವರಿಗೆ ಬೇಗ ಅರ್ಥವಾಗುತ್ತದೆ.

ಹಾಗೆಂದು ಪಂಚಾಯಿತಿಯೇ ಒಂದು ಪುಟ್ಟ ಸಂಸತ್ತು ಎಂದು ಹೇಳಿಬಿಡಬಾರದು; ವ್ಯತ್ಯಾಸಗಳನ್ನೂ ಹೇಳಬೇಕು. ಸಂಸತ್ತು ಕಾನೂನು ಮಾಡುತ್ತದೆ, ಮಂತ್ರಿಮಂಡಲ ಜಾರಿ ಮಾಡುತ್ತದೆ. ಪಂಚಾಯಿತಿಯಲ್ಲಿ ತೀರ್ಮಾನಿಸುವವರೂ ಜಾರಿಯ ಹೊಣೆ ಹೊತ್ತವರೂ ಬಹುಪಾಲು ಒಬ್ಬರೇ. ಗ್ರಾಮ ಪಂಚಾಯಿತಿಯ ಚುನಾವಣೆ ನಮ್ಮ ರಾಜ್ಯದಲ್ಲಿ ಪಕ್ಷಗಳ ಚಿಹ್ನೆಯಿಲ್ಲದೆ ನಡೆಯುತ್ತದೆ, ಲೋಕಸಭೆಯದು ಪಕ್ಷಗಳ ಆಧಾರದಲ್ಲಿ. ಗ್ರಾಮ ಸಭೆಯಲ್ಲಿ ಮತದಾರರೆಲ್ಲರೂ ತಾವಾಗಿಯೇ ಕುಳಿತು ಮಾತನಾಡಬಹುದು. ಅಂತಹ ಸಭೆ ದೆಹಲಿಯಲ್ಲಿಲ್ಲ. ಈ ಕೊನೆಯ ಮಾತನ್ನು ಸ್ವಲ್ಪ ಒತ್ತಿ ಹೇಳುವುದು ಒಳ್ಳೆಯದು. 1993ರ ಏಪ್ರಿಲ್ 24ರಂದು ಜಾರಿಗೆ ಬಂದ 73ನೆಯ ತಿದ್ದುಪಡಿ ಗ್ರಾಮ ಸಭೆಯನ್ನು ಸಂವಿಧಾನದೊಳಗೇ ತಂದಿರಿಸಿದೆ. ದೆಹಲಿ ಮೇಲೆ, ಹಳ್ಳಿ ಕೆಳಗೆ ಎಂಬ ಚಿತ್ರಕ್ಕೆ ಅಲ್ಲಿ ಅವಕಾಶವಿಲ್ಲ.

ತಮ್ಮ ಕೈಗೆ ಮಾತ್ರ ಸಿಕ್ಕಿರುವ ಇನ್ನೊಂದು ಪಾಠೋಪಕರಣವಿದೆ. ನಮ್ಮ ವಿಧಾನ ಪರಿಷತ್ತಿನ 75 ಸದಸ್ಯರಲ್ಲಿ 25 ಮಂದಿಯನ್ನು ಸ್ಥಳೀಯ ಸಂಸ್ಥೆಗಳ ಸದಸ್ಯರು ಆರಿಸುತ್ತಾರೆ, ಅಂದರೆ ತಾವು ಆ ಚುನಾವಣೆಯ ಮತದಾರರು. ಅಲ್ಲಿ ಗುಂಡಿ ಒತ್ತುವುದಿಲ್ಲ. ಹೆಸರುಗಳ ಮುಂದೆ 1, 2, 3 ಎಂದು ಪ್ರಾಶಸ್ತ್ಯದ ಅಂಕಿಗಳನ್ನು ಬರೆಯುತ್ತೇವೆ. ಶಾಸಕರು ರಾಜ್ಯಸಭೆಯ ಸದಸ್ಯರನ್ನು ಆರಿಸುವುದೂ, ಸಂಸತ್ತಿನ ಮತ್ತು ವಿಧಾನಸಭೆಗಳ ಚುನಾಯಿತ ಸದಸ್ಯರು ರಾಷ್ಟ್ರಪತಿಯವರನ್ನು ಆರಿಸುವುದೂ ಇದೇ ಪ್ರಾಶಸ್ತ್ಯ ಮತದ ಕ್ರಮದಲ್ಲಿ. ಪಠ್ಯಪುಸ್ತಕದಲ್ಲಿ ಮಕ್ಕಳಿಗೆ ಅತ್ಯಂತ ಕಠಿಣವಾಗುವ ಭಾಗವಿದು. ಶಾಲಾ ಪ್ರವಾಸಕ್ಕೆ ನಾಲ್ಕು ಊರುಗಳ ಹೆಸರು ಬರೆದು, ಪ್ರಾಶಸ್ತ್ಯ ಹಾಕಿಸಿ, ಕಡಿಮೆ ಮತ ಬಂದ ಊರನ್ನು ಕೈಬಿಟ್ಟು ಅದರ ಚೀಟಿಗಳನ್ನು ಎರಡನೆಯ ಪ್ರಾಶಸ್ತ್ಯಕ್ಕೆ ಹಂಚಿ ತೋರಿಸಿದರೆ ಒಂದು ಗಂಟೆಯಲ್ಲಿ ತಿಳಿಯುತ್ತದೆ. ಅಂತಹ ಮತಪತ್ರವನ್ನು ಕೈಯಲ್ಲಿ ಹಿಡಿದವರು ಹೇಳಿದಾಗ ಅದಕ್ಕೊಂದು ತೂಕ ಬರುತ್ತದೆ.

ಲೆಕ್ಕಪರಿಶೋಧನೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಕ್ಷೇಪಣೆಯ ಕಂಡಿಕೆಗಳ ರುಚಿ ತಮಗೆ ಗೊತ್ತೇ ಇದೆ. ಪಂಚಾಯಿತಿಯ ಜಮಾಬಂದಿಗೆ ಎಂಟು, ಒಂಬತ್ತನೆಯ ತರಗತಿಯ ಕೆಲವು ಮಕ್ಕಳನ್ನು ಕರೆದು ಕೂರಿಸಿ. ದೇಶದ ಲೆಕ್ಕವನ್ನು ಲೆಕ್ಕ ನಿಯಂತ್ರಕರು ಮತ್ತು ಮಹಾಲೆಕ್ಕ ಪರಿಶೋಧಕರು ನೋಡುತ್ತಾರೆ, ಅವರ ವರದಿಯನ್ನು ಪರಿಶೀಲಿಸುವ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಗೆ 1967ರಿಂದ ವಿರೋಧ ಪಕ್ಷದವರೇ ಅಧ್ಯಕ್ಷರಾಗುವ ಸಂಪ್ರದಾಯವಿದೆ ಎಂದು ಅಲ್ಲಿಯೇ ತಿಳಿಸಿ. ವಿರೋಧಿಸುವವರಿಗೂ ಸರ್ಕಾರದ ವ್ಯವಸ್ಥೆಯಲ್ಲಿ ಗೌರವದ ಸ್ಥಾನವಿದೆ ಎಂಬುದು ಮಕ್ಕಳಿಗೆ ಹೊಸ ವಿಷಯ. ಕೆಲವು ದೊಡ್ಡವರಿಗೂ ಹೊಸದೇ.

ಒಂದು ಎಚ್ಚರಿಕೆಯ ಮಾತನ್ನು ಹೇಳದೆ ಇರಲಾರೆ. ಶಾಲೆಯ ಅಂಗಳಕ್ಕೆ ಹೋದಾಗ ನಮ್ಮ ನಮ್ಮ ಪಕ್ಷದ ಒಲವನ್ನು ಗೇಟಿನ ಹೊರಗೆ ಬಿಟ್ಟು ಹೋಗಬೇಕು. ಇಂತಹ ನಾಯಕರು ಕೊಟ್ಟ ಅಕ್ಕಿ, ಇಂತಹ ಪಕ್ಷದ ಹಾಲು ಎಂಬ ಮಾತು ಮಕ್ಕಳ ಮುಂದೆ ಬಂದರೆ, ನಾನು ಇಷ್ಟು ಹೊತ್ತು ಹೇಳಿದ್ದೆಲ್ಲ ವ್ಯರ್ಥ. ಹಕ್ಕಾಗಿ ಬಂದದ್ದನ್ನು ಅದು ಮತ್ತೆ ಯಾರದೋ ಕೃಪೆಯನ್ನಾಗಿ ಮಾಡುತ್ತದೆ. ಅದಕ್ಕಿಂತ ಕಷ್ಟದ ವಿಷಯ ಇನ್ನೊಂದು. ಚುನಾವಣೆಯ ಹಿಂದಿನ ರಾತ್ರಿ ಮನೆಗೆ ಬಂದು ಹೋಗುವ ಲಕೋಟೆಯನ್ನು ಮಕ್ಕಳು ನೋಡಿರುತ್ತಾರೆ. ಅದರ ಬಗ್ಗೆ ಮಗು ಸಭೆಯಲ್ಲಿ ಎದ್ದು ಕೇಳಿದರೆ ಗದರಿಸಿ ಕೂರಿಸಬೇಡಿ. ಮತಕ್ಕಾಗಿ ಹಣ ಕೊಡುವುದೂ ಪಡೆಯುವುದೂ ಅಪರಾಧ ಎಂಬ ಉತ್ತರವನ್ನು ನೇರವಾಗಿ ಕೊಡುವ ಧೈರ್ಯ ನಮಗಿರಬೇಕು. ಆ ಧೈರ್ಯ ಎಲ್ಲಿಂದ ಬರುತ್ತದೆ ಎಂಬುದನ್ನು ಮಾತ್ರ ನಾನು ಕಲಿಸಲಾರೆ.

ಕೊನೆಯದಾಗಿ ಮಕ್ಕಳ ಗ್ರಾಮ ಸಭೆಯ ಕ್ರಮದ ಬಗ್ಗೆ ಒಂದು ಸಲಹೆ. ಸ್ವಾಗತ, ಹಾರ, ಭಾಷಣಗಳಲ್ಲಿ ಅರ್ಧ ದಿನ ಕಳೆದು, ಮಕ್ಕಳ ಪಾಲಿಗೆ ಇಪ್ಪತ್ತು ನಿಮಿಷ ಉಳಿಯುವ ಪದ್ಧತಿ ಕೆಲವೆಡೆ ಬೆಳೆದಿದೆ. ಲೋಕಸಭೆಯ ದಿನ ಪ್ರಶ್ನೋತ್ತರ ವೇಳೆಯಿಂದ ಆರಂಭವಾಗುತ್ತದೆ. ಸದಸ್ಯರು ಕನಿಷ್ಠ 15 ದಿನ ಮೊದಲು ಪ್ರಶ್ನೆಯನ್ನು ಲಿಖಿತವಾಗಿ ಕೊಡುತ್ತಾರೆ; ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳು ಮೌಖಿಕ ಉತ್ತರಕ್ಕೆ ಆಯ್ಕೆಯಾಗುತ್ತವೆ; ಮಂತ್ರಿಗಳು ಎದ್ದುನಿಂತು ಉತ್ತರಿಸುತ್ತಾರೆ; ಉತ್ತರ ಸಾಲದಿದ್ದರೆ ಉಪಪ್ರಶ್ನೆ ಕೇಳಬಹುದು. ನಮ್ಮ ಸಭೆಯನ್ನೂ ಹೀಗೆಯೇ ನಡೆಸೋಣ. 15 ದಿನ ಮೊದಲು ಶಾಲೆಗಳಿಂದ ಪ್ರಶ್ನೆಗಳನ್ನು ತರಿಸಿಕೊಂಡು, ಪ್ರತಿಯೊಂದರ ಮೇಲೂ ಪಂಚಾಯಿತಿ, ರಾಜ್ಯ, ಕೇಂದ್ರ ಎಂದು ಮಕ್ಕಳಿಂದಲೇ ಬರೆಯಿಸಿ. ಆರೋಗ್ಯ, ಶಿಕ್ಷಣ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗಳ ಸ್ಥಳೀಯ ಅಧಿಕಾರಿಗಳು ಸಭೆಯಲ್ಲಿರಲಿ. ಅಂಚೆ ಕಚೇರಿಯವರನ್ನೂ ಕರೆಯಿರಿ; ಅವರನ್ನು ಯಾರೂ ಕರೆಯುವುದಿಲ್ಲ. ಪಂಚಾಯಿತಿಯ ಪ್ರಶ್ನೆಗೆ ಅಲ್ಲಿಯೇ ಉತ್ತರ ಕೊಡಿ. ಉಳಿದವಕ್ಕೆ ಯಾರಿಗೆ, ಯಾವ ದಿನಾಂಕದೊಳಗೆ ಪತ್ರ ಬರೆಯಲಾಗುವುದು ಎಂಬುದನ್ನು ನಡವಳಿ ಪುಸ್ತಕದಲ್ಲಿ ದಾಖಲಿಸಿ. ಪ್ರಶ್ನೆ ಕೇಳಿದ ಮಗುವಿಗೆ ಒಂದು ಉಪಪ್ರಶ್ನೆಯ ಅವಕಾಶ ಇರಲೇಬೇಕು.

ಸದನದಲ್ಲಿ ಮಂತ್ರಿಗಳು ಕೊಟ್ಟ ಮಾತು ಈಡೇರಿತೇ ಎಂದು ನೋಡಲು ಸಂಸತ್ತಿನ ಎರಡೂ ಸದನಗಳಲ್ಲಿ ಸರ್ಕಾರಿ ಭರವಸೆಗಳ ಸಮಿತಿಗಳಿವೆ. ನಮ್ಮಲ್ಲಿ ಅದಕ್ಕೆ ಪ್ರತ್ಯೇಕ ಸಮಿತಿ ಬೇಕಿಲ್ಲ. ಮುಂದಿನ ವರ್ಷದ ಮಕ್ಕಳ ಗ್ರಾಮ ಸಭೆಯ ಕಾರ್ಯಸೂಚಿಯಲ್ಲಿ ಮೊದಲ ವಿಷಯವಾಗಿ ಈ ವರ್ಷದ ಪ್ರಶ್ನೆಗಳ ಅನುಪಾಲನಾ ವರದಿಯನ್ನು ಇರಿಸಿ. ಅದನ್ನು ಕಳೆದ ವರ್ಷ ಪ್ರಶ್ನೆ ಕೇಳಿದ ಮಕ್ಕಳಲ್ಲೇ ಒಬ್ಬರು ಓದಲಿ. ಆಗದ ಕೆಲಸದ ಮುಂದೆ ಆಗಿಲ್ಲವೆಂದೂ, ಏಕೆ ಆಗಿಲ್ಲವೆಂದೂ ಬರೆದಿರಲಿ. ತಮ್ಮ ಪ್ರಶ್ನೆಗಳಿದ್ದರೆ ಈಗ ಕೇಳಬಹುದು.